ತಾರೂವಾದ ಉಪ್ಪಿನ ಭರಣಿ

ದೇಶದ ತುಂಬ ಕರೆಂಟಿದೆ, ಮನೆಗಳಲ್ಲಿ ದೀಪವಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ಮುದುಕನಾದವನು ನಾನು. ಯಾವನಾದರೂ ಹುಡುಗ ಇಂಥ ಮಾತು ಆಡಿದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದೆ. ತಾರೂವಾಕ್ಕೆ ಬಂದ ಮೇಲೆ ಅದನ್ನು ಕಣ್ಣಾರೆ ನೋಡಬೇಕಾಯಿತು.

ತಾರೂವಾ ಅನ್ನುವುದು ಭೂಮಧ್ಯರೇಖೆಯ ಹತ್ತಿರ, ಸಮುದ್ರದ ನಡುವೆ ಇರುವ ಪುಟ್ಟ ದೇಶ. ನಮ್ಮ ನವಲಗುಂದ ತಾಲೂಕಿನೊಳಗೆ ತಂದಿಟ್ಟರೆ ಆಮೇಲೆ ಹುಡುಕಬೇಕಾದೀತು, ಅಷ್ಟು ಪುಟ್ಟದು. ನಡುವೆ ಒಂದು ಗುಡ್ಡ. ಮೂಡಲಿಗೆ ಅರ್ಧ ದೇಶ, ಪಡುವಲಿಗೆ ಇನ್ನರ್ಧ. ಬಹಳ ಹಿಂದೆ ಕಬ್ಬಿನ ತೋಟಕ್ಕೆ ಆಳು ಬೇಕೆಂದು ಹಡಗಿನವರು ನಮ್ಮ ಕರಾವಳಿಯ ಜನರನ್ನು ತುಂಬಿಕೊಂಡು ಬಂದು ಇಲ್ಲಿ ಇಳಿಸಿದ್ದರಂತೆ. ಕಬ್ಬೂ ಹೋಯಿತು, ಧಣಿಗಳೂ ಹೋದರು, ಅಜ್ಜಿಯಂದಿರ ಬಾಯಲ್ಲಿ ಕನ್ನಡ ಮಾತ್ರ ಉಳಿಯಿತು.

ನನ್ನ ಹೆಂಡತಿ ನೀಲಾಂಬಿಕೆ ಆ ದೇಶದ ವಿದ್ಯುತ್ ಯೋಜನೆಗೆ ಮುಖ್ಯ ಎಂಜಿನಿಯರ್ ಆಗಿ ಬಂದಳು. ನಾನು ಆಕೆಯ ಗಂಡನಾಗಿ ಬಂದೆ. ಅದೂ ಒಂದು ಹುದ್ದೆಯೇ. ರೊಟ್ಟಿ ಬಡಿಯುವುದು, ಹಾಲಿಗೆ ಹೆಪ್ಪು ಹಾಕುವುದು, ಸಂಜೆ ಆಕೆ ಬಂದು ಚಪ್ಪಲಿ ಬಿಡುತ್ತ "ದಣದೀರೇನ್ರೀ?" ಅಂತ ಕೇಳಿದರೆ "ಮನ್ಯಾಗ ಕುಂತಾವಗ ಎಂಥಾ ದಣಿವು, ತಗಿ" ಅಂತ ಗೊಣಗುವುದು. ಮದುವೆಯಾದಾಗಿನಿಂದ ಆಕೆ ಇದನ್ನೇ ಕೇಳುತ್ತ ಬಂದಿದ್ದಾಳೆ, ನಾನು ಹೀಗೇ ಏನಾದರೊಂದು ಗೊಣಗುತ್ತ ಬಂದಿದ್ದೇನೆ.

ಮೊದಲು ತಾರೂವಾದ ಬೆಳಕೆಲ್ಲ ಡೀಸೆಲ್‌ನದು. ಹಡಗು ಬಂದರೆ ಬಲ್ಬು, ಬರದಿದ್ದರೆ ಬುಡ್ಡಿದೀಪ. ನೀಲಾ ಬಂದವಳೇ ಸೂರು ಸೂರಿಗೂ ಸೌರಫಲಕ ಹಾಕಿಸಿದಳು. ಆ ದೇಶದಲ್ಲಿ ಬಿಸಿಲಿಗೇನು ಬರವಿಲ್ಲ. ಆದರೆ ಹಗಲಿನ ಕರೆಂಟನ್ನು ಕೂಡಿಡುವುದು ಎಲ್ಲಿ? ಬ್ಯಾಟರಿಗೆ ಬೇಕಾದ ಲಿಥಿಯಂ ಹೊರಗಿನಿಂದ ಬರಬೇಕು. ಡೀಸೆಲ್ ಬಿಟ್ಟು ಲಿಥಿಯಂಗೆ ಜೋತುಬಿದ್ದರೆ ಹಗ್ಗ ಬದಲಾಯಿತೇ ಹೊರತು ಗೂಟ ಅದೇ. ಆಗ ಆಕೆ ಸಮುದ್ರದ ಉಪ್ಪಿಗೆ ಕೈ ಹಾಕಿದಳು. ಉಪ್ಪಿನಲ್ಲಿರುವ ಸೋಡಿಯಂ ಲಿಥಿಯಂನ ದಾಯಾದಿ. ಸ್ವಲ್ಪ ದಡೂತಿ, ಓಡಾಟ ನಿಧಾನ, ಆದರೆ ಕೆಲಸ ಅದೇ. ಬಿಸಿಲಿದ್ದಾಗ ಅದರ ಕಣಗಳು ಬ್ಯಾಟರಿಯ ಒಂದು ಮಗ್ಗುಲಿನಿಂದ ಹೊರಟು ಇನ್ನೊಂದು ಮಗ್ಗುಲಿನ ಇದ್ದಿಲಿನೊಳಗೆ ಹೋಗಿ ಕೂರುತ್ತವೆ. ಬಿಸಿಲು ಹೋದ ಮೇಲೆ ಮರಳಿ ಬರುತ್ತ ಕರೆಂಟು ಕೊಡುತ್ತವೆ. ಇದ್ದಿಲು ತೆಂಗಿನ ಚಿಪ್ಪಿನದು. ಉಪ್ಪೂ ಊರಿನದೇ, ಚಿಪ್ಪೂ ಊರಿನದೇ. ಮನೆಗೊಂದರಂತೆ ಗೋಡೆಗೆ ಕೂರಿಸಿದ ಆ ಪೆಟ್ಟಿಗೆಗೆ ಜನ ತಾವೇ ಉಪ್ಪಿನ ಭರಣಿ ಅಂತ ಹೆಸರಿಟ್ಟರು.

ಭರಣಿಗೆ ಎರಡು ಗುಂಡಿ. ಹೆಚ್ಚಿದ್ದರೆ ಹಸಿರು ಒತ್ತಬೇಕು, ಅಂದರೆ "ಕೊಡುತ್ತೇನೆ". ಕಡಿಮೆಯಾದರೆ ಹಳದಿ, ಅಂದರೆ "ಬೇಕು". ಕೊಟ್ಟವರ ಕರೆಂಟು ಬೇಕೆಂದವರ ಮನೆಗೆ ಹರಿಯುತ್ತದೆ. ಯಂತ್ರವೇ ತಾನಾಗಿ ಹಂಚಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಪಾರ್ಲಿಮೆಂಟು ಬಿಡಲಿಲ್ಲ. ಕಬ್ಬಿನ ಧಣಿಗಳು ಹೇಳದೆ ಕೇಳದೆ ಎಲ್ಲವನ್ನೂ ಕಿತ್ತುಕೊಂಡ ನೆನಪು ಆ ಜನಕ್ಕೆ ಇನ್ನೂ ಹಸಿಯಾಗಿದೆ. ಮನೆಯವರ ಕೈ ಗುಂಡಿ ಮುಟ್ಟದೆ ಕರೆಂಟು ಮನೆ ಬಿಡಲೂ ಬಾರದು, ಮನೆ ಸೇರಲೂ ಬಾರದು ಅಂತ ಕಾನೂನು ಮಾಡಿದರು.

ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ದುಗ್ಗಮ್ಮನದು. ಆಕೆಯ ಗಂಡ ಬಾಬಣ್ಣ ಡೀಸೆಲ್ ಜನರೇಟರಿನ ಮನೆಯಲ್ಲಿ ದುಡಿದವನು. ಹೊಗೆ ಕುಡಿದು ಕುಡಿದು ಎದೆ ಕೆಟ್ಟುಹೋಗಿತ್ತು. ಕೋಣೆಯ ಗಾಳಿಯನ್ನೇ ಎಳೆದು, ಅದರಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಯಂತ್ರವೊಂದು ಅವನ ಹಾಸಿಗೆಯ ಪಕ್ಕ ಸದಾ ಗುಂಯ್‌ಗುಡುತ್ತಿತ್ತು. ಗೋಡೆಯಾಚೆಯ ಆ ಸದ್ದು ಕೇಳುತ್ತ ಕೇಳುತ್ತ ನನಗೂ ಅಭ್ಯಾಸವಾಗಿತ್ತು. ಬಾಬಣ್ಣನದು ಮಾತು ಕಡಿಮೆ, ನಗು ಜಾಸ್ತಿ. ನಾನು ಹೇಳುವ ಹಳೇ ಜೋಕಿಗೆಲ್ಲ ನಕ್ಕು, ಕೆಮ್ಮಿ, ಹೆಂಡತಿಯಿಂದ ನನಗೆ ಬೈಸುತ್ತಿದ್ದ.

ಒಂದು ದಿನ ದುಗ್ಗಮ್ಮ ಕರಟದ ಬಟ್ಟಲಿಗೆ ಬಾಳೆಲೆ ಮುಚ್ಚಿ ತಂದು ಕೈಗಿಟ್ಟಳು. "ನಿಮಗೆ ಅಂತ ಚೂರು ತಂದೆ ಮಾಸ್ಟ್ರೇ." ತೆರೆದು ನೋಡಿದರೆ ಒಂದು ಚಿಟಿಕೆ ಚಹಾಪುಡಿ! ಇದೆಂಥ ಉಡುಗೊರೆಯಪ್ಪಾ ಅನ್ನಿಸಿತು. ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ತಿರುಗಿಸುವುದಿಲ್ಲ. ನಾನೂ ನಾಲ್ಕು ಕಾಳು ಸಕ್ಕರೆ ಹಾಕಿ ಬಟ್ಟಲು ಮರಳಿಸಿದೆ. ಆಕೆ ಸಕ್ಕರೆ ನೋಡಿದಳು, ನನ್ನ ಮುಖ ನೋಡಿದಳು. "ಒಳ್ಳೇದಾಯ್ತು" ಅಂತ ಹೊರಟುಹೋದಳು. ಇನ್ನೊಂದು ಸಲ ಅದೇ ಬಟ್ಟಲಿನಲ್ಲಿ ಒಂದು ಹಿಡಿ ಅಕ್ಕಿ ಬಂತು. ನಾನು ಚೂರು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಕಳಿಸಿದೆ.

"ಮುದುಕೀ ಕೈ ಬಾಳ ಬಿಗಿ ಅದ ಬಿಡು," ಅಂತ ಸಂಜೆ ನೀಲಾಳ ಮುಂದೆ ಆಡಿದೆ. "ಒಂದ್ ಹಿಡಿ ಅಕ್ಕಿ ಕೊಟ್ಟಾಳ. ಗುಬ್ಬಿಗೂ ಸಾಲೂದಿಲ್ಲ."

"ಕೊಟ್ಟದ್ದನ್ನ ಹಂಗ ಆಡಿಕೋಬ್ಯಾಡ್ರಿ," ಅಂದಳು ನೀಲಾ. "ಪ್ರೀತಿಲೆ ಕೊಟ್ಟಿರತಾರ."

ಬಿಸಿಲಿರುವಷ್ಟು ಕಾಲ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಮಳೆಗಾಲದ ಮೋಡ ಬಂದು ಗುಡ್ಡದ ನೆತ್ತಿಗೆ ಸಿಕ್ಕಿಹಾಕಿಕೊಂಡಿತು. ಮೂಡಲಲ್ಲಿ ಆಗಾಗ ಬಿಸಿಲು ಇಣುಕುತ್ತಿತ್ತು, ಪಡುವಲಲ್ಲಿ ಅದೂ ಇಲ್ಲ. ನಮ್ಮ ಕಡೆಯ ಭರಣಿಗಳು ಒಂದೊಂದಾಗಿ ತಳ ಕಂಡವು. ಆದರೆ ದೇಶದ ಕರೆಂಟನ್ನೆಲ್ಲ ಕೂಡಿಸಿದರೆ ಎಲ್ಲರಿಗೂ ಧಾರಾಳ ಸಾಕು. ನೀಲಾ ಯೋಜನೆ ಮಾಡಿದ್ದೇ ಇಂಥ ದಿನಕ್ಕಾಗಿ.

ಆ ದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಆಕೆಯ ಕಂಟ್ರೋಲ್ ರೂಮಿಗೆ ಹೋದೆ. ಅದು ಬಂದರಿನ ಬಳಿ, ಹಳೇ ಜನರೇಟರ್ ಮನೆಯ ಮಗ್ಗುಲಲ್ಲೇ ಇತ್ತು. ಗೋಡೆಯಗಲದ ಪರದೆಯ ಮೇಲೆ ಮನೆಗೊಂದು ಚುಕ್ಕಿ. ಚುಕ್ಕಿಗಳು ಹೆಚ್ಚುಕಡಿಮೆ ಎಲ್ಲ ಹಸಿರು. ಹಳದಿ ಅನ್ನುವುದು ಮದ್ದಿಗೂ ಇಲ್ಲ.

"ನೋಡ್ರಿ ಇಲ್ಲೆ," ಅಂದಳು ನೀಲಾ. ಕಣ್ಣು ಕೆಂಪಗಾಗಿದ್ದವು. "ಕೊಡಾಕ ಎಲ್ಲಾರೂ ಮುಂದ, ತಗೊಳ್ಳಾಕ ಒಬ್ಬರೂ ಇಲ್ಲ. ಭರಣಿ ತುಂಬಿದವರೂ ದೀಪ ಆರಿಸಿ ಕುಂತಾರ. ಯಾಕ ಅಂತ ಕೇಳಿದ್ರ, ನಮಗಿಂತ ಕಷ್ಟದವರಿಗೆ ಇರಲಿ ಅಂತಾರ. ಕರ್ಣನ ವಂಶ ಪೂರಾ ಇಲ್ಲೇ ಬಂದು ಇಳದೈತೇನ್ರೀ?"

ಪಡುವಲ ಬದಿಯಲ್ಲಿ ಒಂದಿಷ್ಟು ಚುಕ್ಕಿಗಳು ಕೆಂಪಗೆ ಮಿಣುಕುತ್ತಿದ್ದವು. ಅವೇನು ಅಂದೆ.

"ತಪ್ಪು ಒತ್ತಿದವರು. ಭರಣ್ಯಾಗ ತಳ ಅಷ್ಟ ಉಳದೈತಿ, ಆದ್ರೂ ಹಸಿರು ಒತ್ತತಾರ. ಕೊಡಾಕ ಏನೈತಿ ಅವರ ಹಂತೇಲಿ? ಮಿಷನ್ನು ಕೀಚ್ ಅಂತ ಬೈದು ವಾಪಸ್ ಕಳಸ್ತೈತಿ. ಮತ್ತ ಒತ್ತತಾರ. ಹುಡುಗೂರ ಆಟ ಇರಬೇಕು."

ಪಕ್ಕದ ಮೇಜಿನಲ್ಲಿ ಯಮುನಿ ಕೂತಿದ್ದಳು. ಅದೇ ದ್ವೀಪದವಳು, ನೀಲಾಳ ಕೈಕೆಳಗಿನ ಎಂಜಿನಿಯರ್, ಎರಡು ಮಕ್ಕಳ ತಾಯಿ. ಆಕೆ ಕೆಂಪು ಚುಕ್ಕಿಗಳನ್ನು ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿ ತನ್ನ ಉಗುರು ನೋಡುತ್ತ ಕೂತಳು. ಏನೋ ಇದೆ ಅನ್ನಿಸಿತು. ಕೇಳುವಷ್ಟರಲ್ಲಿ ಮಂತ್ರಿಗಳ ಫೋನು ಬಂತು. ಸಂಜೆಯೊಳಗೆ ಮನೆಗಳಲ್ಲಿ ದೀಪ ಹತ್ತದಿದ್ದರೆ ಡೀಸೆಲ್ ಜನರೇಟರ್ ಚಾಲೂ ಮಾಡಿಸುತ್ತೇವೆ ಅಂದರಂತೆ.

"ತಿರುಗಿ ಹಳೇ ಗಂಡನ ಪಾದವೇ ಗತಿ," ಅಂದೆ ನಾನು.

ನೀಲಾ ನಗಲಿಲ್ಲ. "ಬಾಬಣ್ಣನ್ನ ನೆನಸ್ಕೋರಿ. ಗಾಳಿ ಎತ್ತಾಗಿಂದ ಬೀಸಾಕತ್ತೈತಿ ನೋಡೀರೇನು? ಹೊಗಿ ಸೀದಾ ನಮ್ಮ ಓಣಿಗೇ ಬರ್ತದ. ಅವರ ಮಿಷನ್ನು ಎಳಕೊಳ್ಳೂದು ಆ ಗಾಳೀನ."

ಕರೆಂಟಿಲ್ಲದಿದ್ದರೆ ಯಂತ್ರ ನಿಲ್ಲುತ್ತದೆ. ಡೀಸೆಲ್ ಉರಿಸಿದರೆ ಯಂತ್ರವೇ ಅವನಿಗೆ ಹೊಗೆ ಕುಡಿಸುತ್ತದೆ. ಗುಡ್ಡದಾಚೆಯ ಆಸ್ಪತ್ರೆಗೆ ಒಯ್ಯೋಣವೆಂದರೆ ಮಳೆಗೆ ದಾರಿ ಕುಸಿದು ಕೂತಿತ್ತು. ಅತ್ತ ದರಿ, ಇತ್ತ ಪುಲಿ.

ಮನೆಗೆ ಬಂದು ಬಾಗಿಲು ತೆಗೆದೆ. ಏನೋ ಕಡಿಮೆ ಅನ್ನಿಸಿತು. ಒಂದು ಗಳಿಗೆಯ ಮೇಲೆ ಹೊಳೆಯಿತು, ಗೋಡೆಯಾಚೆಯ ಗುಂಯ್ ಸದ್ದು ನಿಂತಿದೆ!

ಓಡಿದೆ. ಬಾಬಣ್ಣ ದಿಂಬಿಗೆ ಒರಗಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದ. ತುಟಿ ನೀಲಿಗಟ್ಟಿತ್ತು. ನನ್ನನ್ನು ಕಂಡು ಆಗಲೂ ನಗಲು ನೋಡಿದ. ದುಗ್ಗಮ್ಮ ಭರಣಿಯ ಮುಂದೆ ನಿಂತು ಹಸಿರು ಗುಂಡಿ ಒತ್ತುತ್ತಿದ್ದಳು. ಕೀಚ್ ಎಂದಿತು. ಮತ್ತೆ ಒತ್ತಿದಳು. ಮತ್ತೆ ಕೀಚ್.

"ಅಯ್ಯೋ ತಾಯಿ, ಅದಲ್ಲ!" ಅಂತ ಕೂಗಿದೆ. "ಹಳದಿ ಒತ್ತಬೇಕು, ಹಳದಿ!"

ಕೈ ಚಾಚಿದೆ. ಆಕೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಬೇಡ ಮಾಸ್ಟ್ರೇ. ಬೇಕು ಅಂತ ಬಾಯಿ ಬಿಟ್ಟು ಕೇಳುದಾ? ನಮ್ಮ ಮನೆಯಲ್ಲಿ ಯಾರೂ ಕೇಳ್ಲಿಲ್ಲ. ಇವರ ಅಪ್ಪ ಹಸಿದುಕೊಂಡು ಸತ್ತದ್ದು, ಕೇಳಿ ಅಲ್ಲ."

"ಹಾಗಂತ ಇವರು ಸಾಯಬೇಕಾ?"

ಆಕೆಯ ಕಣ್ಣು ತುಂಬಿದವು. "ನಾನು ಕಳಿಸ್ತಾ ಇದ್ದೇನಲ್ಲ! ಬೆಳಿಗ್ಗೆಯಿಂದ ಕಳಿಸ್ತಾ ಇದ್ದೇನೆ. ಇದ್ದ ಚೂರನ್ನೇ ಕಳಿಸಿದ್ರೆ ಅವರಿಗೆ ಗೊತ್ತಾಗುದಿಲ್ವಾ, ಈ ಮನೆಯಲ್ಲಿ ಮುಗಿದಿದೆ ಅಂತ? ಈ ಪೆಟ್ಟಿಗೆ ತಗೊಳ್ಳುದೇ ಇಲ್ಲ. ಬೈತದೆ."

ನಾನು ಹಾಗೇ ನಿಂತೆ. ಒಂದು ಚಿಟಿಕೆ ಚಹಾಪುಡಿ. ಒಂದು ಹಿಡಿ ಅಕ್ಕಿ. ಶಿವನೇ! ಆ ಮನೆಯಲ್ಲಿ ಆ ದಿನ ಚಹಾಪುಡಿ ಮುಗಿದಿತ್ತು. ಆ ದಿನ ಅಕ್ಕಿ ಮುಗಿದಿತ್ತು. ಈ ಜನ ಬೇಡುವುದಿಲ್ಲ. ಯಾವುದು ಇಲ್ಲವೋ ಅದರ ಕೊನೆಯ ಚೂರನ್ನು ನೆರೆಮನೆಗೆ ಕೊಟ್ಟುಬಿಡುತ್ತಾರೆ. ನೆರೆಯವರು ಅರ್ಥ ಮಾಡಿಕೊಂಡು ಬಟ್ಟಲು ತುಂಬಿ ಕಳಿಸಬೇಕು. ನಾನು ನಾಲ್ಕು ಕಾಳು ಸಕ್ಕರೆ ಕಳಿಸಿ, ಮುದುಕಿಯ ಕೈ ಬಿಗಿ ಅಂದಿದ್ದೆ.

ಮೊದಲು ಉಸಿರು, ಆಮೇಲೆ ಉಳಿದದ್ದು. ನಮ್ಮ ಮನೆಯಿಂದ ಉದ್ದ ವೈರು ಎಳೆದು ತಂದೆ. ದುಗ್ಗಮ್ಮ ಅದಕ್ಕೂ ಅಡ್ಡ ನಿಂತಳು. ಒಳಗೆ ಹೋಗಿ ಡಬ್ಬಿ ಕೆರೆದು ಕರಟದ ಬಟ್ಟಲಿಗೆ ಏನೋ ಹಾಕಿ ತಂದು ನನ್ನ ಕೈಗಿಟ್ಟಳು. ಅಷ್ಟಾದ ಮೇಲೆಯೇ ವೈರು ಒಳಗೆ ಬಿಟ್ಟಳು. ಯಂತ್ರ ಗುಂಯ್ ಅಂದಿತು. ಬಾಬಣ್ಣನ ಏದುಸಿರು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

ಆದರೆ ನಮ್ಮದೂ ಪಡುವಲ ಭರಣಿ. ಅದರಲ್ಲೂ ತಳವೇ ಉಳಿದಿತ್ತು. ಊರೆಲ್ಲ ಕತ್ತಲಲ್ಲಿದ್ದಾಗ ಎಂಜಿನಿಯರ ಮನೆಯಲ್ಲಿ ಹಳದಿ ಒತ್ತಬಾರದು ಅಂತ ನೀಲಾ ಹೇಳಿದ್ದಳು. ನಾನು ಹಳದಿಯ ಮುಂದೆ ಬೆರಳು ತಂದೆ. ಸುಳ್ಳೇಕೆ ಹೇಳಲಿ, ನನ್ನ ಬೆರಳೂ ಒಂದು ಗಳಿಗೆ ತಡೆಯಿತು. ಬಡ ಮಾಸ್ತರನ ಮಗ ನಾನು, ನಮ್ಮಪ್ಪನೂ ಯಾರ ಬಾಗಿಲಿಗೂ ಹೋದವನಲ್ಲ. ಕಣ್ಣು ಮುಚ್ಚಿ ಒತ್ತಿಬಿಟ್ಟೆ. ಇಡೀ ದೇಶದಲ್ಲಿ ಅದೊಂದೇ ಹಳದಿ ಚುಕ್ಕಿಯಂತೆ. ನಮ್ಮ ಭರಣಿ ತುಂಬತೊಡಗಿತು, ಕ್ಷಣದಲ್ಲಿ ಫೋನೂ ಬಂತು.

"ನಮ್ಮ ಮನೀದು ಹಳದಿ ಆಗೈತಲ್ರೀ! ಏನಾತು?" ಅಂದಳು ನೀಲಾ.

ಬಾಬಣ್ಣನ ಸುದ್ದಿ ಹೇಳಿದೆ. ಬಟ್ಟಲಿನ ಸುದ್ದಿ ಹೇಳಿದೆ. "ಆ ಕೆಂಪು ಚುಕ್ಕಿ ತಪ್ಪು ಒತ್ತಿದವರದಲ್ಲ ನೀಲಾ. ಅವರೇ ಕೇಳಾಕತ್ತವರು. ಮುಂಜಾನಿಂದ ಕೇಳಾಕತ್ತಾರ, ನಾವು ಬೈದು ಕಳಸಾಕತ್ತೀವಿ."

ಆಮೇಲೆ ಆಕೆ ಯಮುನಿಯನ್ನು ಕೇಳಿದ್ದು ಫೋನಿನಲ್ಲೇ ಕೇಳಿಸಿತು. "ನಿನಗ ಗೊತ್ತಿತ್ತೇನವ್ವಾ?"

"ಗೊತ್ತುಂಟು ಮೇಡಂ," ಯಮುನಿ ಅಳುತ್ತಿದ್ದಳು. "ನನ್ನ ಅಮ್ಮನ ಮನೆ ಚುಕ್ಕಿಯೂ ಅದರಲ್ಲಿ ಉಂಟು. ಆದ್ರೆ ಅದನ್ನು ಬಾಯಿ ಬಿಟ್ಟು ಹೇಳುದು ಹೇಗೆ? ಕಳಿಸಿದ್ದನ್ನು ನೋಡಿ ತಿಳ್ಕೊಳ್ಬೇಕು. ಹೇಳಿದ್ರೆ ಮತ್ತೆ ಕೇಳಿದ ಹಾಗೇ ಆಯ್ತಲ್ಲ."

ಅಷ್ಟರಲ್ಲಿ ಬಂದರಿನ ಕಡೆಯಿಂದ ಢಬಢಬ ಸದ್ದು ಬಂತು. ಜನರೇಟರ್ ಕಾಯಿಸಲು ಶುರು ಮಾಡಿದ್ದರು. ದುಗ್ಗಮ್ಮನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಬಾಬಣ್ಣ ಆ ಸದ್ದನ್ನು ಗುರುತು ಹಿಡಿದ. ಆಯುಷ್ಯವೆಲ್ಲ ಅದರ ಜೊತೆಗೇ ಕಳೆದವನು. ಹೆಂಡತಿಯ ಕೈ ಹಿಡಿದುಕೊಂಡ. ಆಕೆ ಅವನ ಬೆರಳುಗಳನ್ನು ಒಂದೊಂದಾಗಿ ನೇವರಿಸುತ್ತ ಕೂತಳು. ಹೊಗೆಯ ವಾಸನೆ ಆಗಲೇ ಹಣಿಕಿತ್ತು. ಅವನಿಗೆ ಕೆಮ್ಮು ಹತ್ತಿತು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಕಂಟ್ರೋಲ್ ರೂಮಿನಲ್ಲಿ ಆಗ ನಡೆದದ್ದನ್ನು ನೀಲಾ ಆಮೇಲೆ ಹೇಳಿದಳು. ಬದಲಾಯಿಸಬೇಕಾಗಿದ್ದುದು ಒಂದೇ ಒಂದು ನಿಯಮ. ತಳ ಕಂಡ ಭರಣಿಯವರು ಹಸಿರು ಒತ್ತಿದರೆ ಬೈಯಬಾರದು. ಅವರು ಕೊಟ್ಟ ಹನಿಯನ್ನು ತೆಗೆದುಕೊಳ್ಳಬೇಕು, ಬಟ್ಟಲು ತುಂಬಿ ಕಳಿಸಬೇಕು. ಮಂತ್ರಿಗಳ ಕಾರ್ಯದರ್ಶಿ ಕಾನೂನು ಎತ್ತಿದನಂತೆ: ಹಳದಿ ಒತ್ತದೆ ಕೊಡುವುದು ಹೇಗೆ? "ಮನೆಯವರ ಕೈ ಗುಂಡಿ ಮುಟ್ಟಬೇಕು ಅಂತ ಕಾನೂನು," ಅಂದಳಂತೆ ನೀಲಾ. "ಮುಟ್ಟಿದೆ. ಬೆಳಗಿನಿಂದ ಮುಟ್ಟುತ್ತಲೇ ಇದೆ. ಯಾವ ಬಣ್ಣ ಅಂತ ಕಾನೂನು ಹೇಳಿಲ್ಲ." ಯಮುನಿ ಆಗಲೇ ಕಣ್ಣೊರೆಸಿಕೊಂಡು ಪ್ರೋಗ್ರಾಂ ಬದಲಾಯಿಸಲು ಕೂತಿದ್ದಳು.

ಫೋನು ಮತ್ತೆ ಬಂತು. "ದುಗ್ಗಮ್ಮಗ ಇನ್ನೊಮ್ಮೆ ಒತ್ತಾಕ ಹೇಳ್ರಿ. ಹಸಿರ."

ದುಗ್ಗಮ್ಮ ಏಳಲಿಲ್ಲ. "ಅದು ಬೈತದೆ ಮಾಸ್ಟ್ರೇ. ಎಷ್ಟು ಸಲ ಬೈಸಿಕೊಳ್ಳುದು?"

"ಇನ್ನು ಬೈದರೆ ಆ ಪೆಟ್ಟಿಗೆಯನ್ನು ಕಿತ್ತು ಸಮುದ್ರಕ್ಕೆ ಎಸೆಯುತ್ತೇನೆ. ಏಳಿ."

ಆಕೆ ಎದ್ದಳು. ಸೆರಗು ಸರಿಮಾಡಿಕೊಂಡು, ನೆರೆಮನೆಯ ಬಾಗಿಲಿಗೆ ಹೋದವಳ ಹಾಗೆ ನಿಂತು, ಹಸಿರು ಗುಂಡಿ ಒತ್ತಿದಳು. ಕೀಚ್ ಅನ್ನಲಿಲ್ಲ. ಭರಣಿಯ ಮೇಲೆ ಮಟ್ಟ ತೋರಿಸುವ ಕೊನೆಯ ಗೆರೆ, ಯಂತ್ರ ಓಡಿಸಲು ಸಾಲದೆ ಉಳಿದದ್ದು, ಅದೂ ಆರಿತು. ಆಕೆ ಕೊಟ್ಟ ಹನಿ ಹೊರಟುಹೋಯಿತು. ಮೂವರೂ ಭರಣಿಯನ್ನೇ ನೋಡುತ್ತಿದ್ದೆವು. ಆಮೇಲೆ ಒಂದು ಗೆರೆ ಹತ್ತಿತು. ಎರಡನೆಯದು. ಮೂರನೆಯದು. ನಿಲ್ಲಲೇ ಇಲ್ಲ, ತುಂಬುತ್ತಲೇ ಹೋಯಿತು. ಬಾಗಿಲು ತೆರೆದು ನೋಡಿದರೆ ಓಣಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತುತ್ತಿತ್ತು. ಬಂದರಿನ ಢಬಢಬ ಇನ್ನೆರಡು ಸಲ ಕೆಮ್ಮಿ ನಿಂತಿತು.

"ಮೂಡಲಿನವರಿಗೆ ತಿಳೀತು," ಅಂದಳು ದುಗ್ಗಮ್ಮ ಗಂಡನಿಗೆ. "ನಾನು ಹೇಳಿದ್ದಲ್ವಾ, ಕಳಿಸಿದ್ರೆ ತಿಳೀತದೆ ಅಂತ."

ಬಾಬಣ್ಣ ನಕ್ಕ. ಈ ಸಲ ನಕ್ಕರೂ ಕೆಮ್ಮು ಬರಲಿಲ್ಲ.

ನಾನು ಮನೆಗೆ ಬಂದು ಆಕೆ ಕೊಟ್ಟ ಬಟ್ಟಲು ತೆರೆದೆ. ಒಳಗೆ ಎಣಿಸುವಷ್ಟು ಅಕ್ಕಿಕಾಳು. ನಮ್ಮ ಡಬ್ಬಿಯಿಂದ ಅಕ್ಕಿ ತುಂಬಿ, ತುಂಬಿ, ಚೆಲ್ಲುವ ಹಾಗೆ ತುಂಬಿ ಕೊಟ್ಟು ಬಂದೆ. ಚಹಾಪುಡಿಯ ಪೊಟ್ಟಣವನ್ನೂ ಮೇಲಿಟ್ಟೆ. ದುಗ್ಗಮ್ಮ ನನ್ನ ಕೆನ್ನೆ ಮುಟ್ಟಿ ಒಳಗೆ ಹೋದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಅಷ್ಟೇ. ಆದರೂ ಅವ್ವ ಮುಟ್ಟಿದ ಹಾಗಾಯಿತು.

ದೀಪ ಹಚ್ಚುವ ಹೊತ್ತಿಗೆ ನೀಲಾ ಬಂದಳು. ಸೀರೆಯ ಅಂಚು ಕೆಸರು, ಕೂದಲೆಲ್ಲ ಒದ್ದೆ. ಚಪ್ಪಲಿ ಬಿಡುತ್ತ ಗೋಡೆಗೆ ಕೈ ಊರಿದಳು. ಗೋಡೆಯಾಚೆ ಯಂತ್ರ ಗುಂಯ್‌ಗುಡುತ್ತಿತ್ತು. ಒಂದು ಗಳಿಗೆ ಅದನ್ನೇ ಕೇಳುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಮದುವೆಯಾದಾಗಿನಿಂದ ಕೇಳುತ್ತ ಬಂದದ್ದನ್ನೇ ಕೇಳಿದಳು.

"ದಣದೀರೇನ್ರೀ?"

ಬಾಯಿಗೆ ಬಂದ ಗೊಣಗಾಟ ಬಾಯಲ್ಲೇ ನಿಂತಿತು. ಇಷ್ಟು ವರ್ಷ ಈ ಹೆಂಗಸು ದಿನಾ ಸಂಜೆ ನನ್ನ ಕೈಗೊಂದು ಬಟ್ಟಲು ಕೊಡುತ್ತಿದ್ದಳು. ನಾನು ನಾಲ್ಕು ಕಾಳು ಸಕ್ಕರೆಯನ್ನೂ ಹಾಕದೆ ಮರಳಿಸುತ್ತಿದ್ದೆ.

ಆಕೆಯ ಕೈಚೀಲ ಇಸಿದುಕೊಂಡೆ. ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಬಿಸಿನೀರಿನ ಬೋಗುಣಿ ತಂದಿಟ್ಟು, ನೆಲಕ್ಕೆ ಕೂತು, ಕೆಸರು ಮೆತ್ತಿದ ಆಕೆಯ ಪಾದಗಳನ್ನು ನೀರಿಗಿಟ್ಟುಕೊಂಡೆ.

"ಅಯ್ಯ, ಏನ್ ಮಾಡ್ತೀರಿ, ಬಿಡ್ರಿ," ಅಂದಳು.

ನಾನು ಬಿಡಲಿಲ್ಲ. ಆಕೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು.

"ಬಾಳ ದಣದೀನಿ," ಅಂದಳು ನೀಲಾ, ಮೊದಲ ಸಲ.